ತುಟಿಯ ಮೇಲಿನ ಬೆರಳು

ಅಕ್ಕೋರ ಮಣ್ಣು ಮುಗಿಸಿ ಬಂದವರ ಮುಂದೆ ಯಾರೋ ಅಡಿಕೆ, ಲವಂಗದ ತಟ್ಟೆ ಇಟ್ಟರು. ಲವಂಗ ಕಚ್ಚಿದೆ. ಅವರ ಬಾಯಿಯ ವಾಸನೆ ಬಂತು... ಹಲ್ಲುನೋವಿಗೆಂದು ಅವರು ಸದಾ ಲವಂಗ ಅಗಿಯುತ್ತಿದ್ದರು. ಸವದತ್ತಿಯ ನಮ್ಮ ಓಣಿಯಲ್ಲೇ ಅವರ ಮನೆ. ತೊಂಬತ್ತರ ದಶಕದಲ್ಲಿ ಶಾಲೆಯಲ್ಲಿ ನನ್ನ ತಂಗಿಗೆ ಕಲಿಸಿದವರು.

“ಎಂಥಾ ಹುಡುಗ್ರನ್ನೂ ದಾರಿಗೆ ತಂದ್ರು ಬಿಡ್ರಿ” ಎಂದರು ಪಕ್ಕದವರು. ನನಗೆ ಹೇಸಿಗೆಯಾಯಿತು. ಆ ಮಾತು ಅರ್ಧ ನಿಜವಾಗಿದ್ದದ್ದಕ್ಕೆ ಇನ್ನಷ್ಟು ಹೇಸಿಗೆ.

ತಂಗಿಗೆ ಇರುವುದು ಆಟಿಸಂ ಎಂದು ಧಾರವಾಡದ ಡಾಕ್ಟರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ಓಣಿಗೆ ಅವಳು ಬರೀ ಹುಚ್ಚಿ. “ಪಾಟಿ ತಗದು ಅಕ್ಷರ ಬರದು ತೋರ್ಸು” ಎಂದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಅಕ್ಕೋರು ಆ ಮಾತನ್ನು ಬಿಡಿಬಿಡಿಯಾಗಿ ಹೇಳಿದರು. “ಪಾಟಿ ತಗಿ.” ಕಾದರು. “ಬಳಪ ಹಿಡಿ.” ಮತ್ತೆ ಕಾದರು... ಹೇಳಿದ್ದನ್ನು ಮಾಡಿದ ಮೇಲೆ “ಶಾಬಾಸ್, ಬಿಡು” ಎನ್ನುತ್ತಿದ್ದರು. ಹಾಗೆನ್ನುವವರೆಗೆ ಅವಳು ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಆ ಮಳೆಗಾಲದಲ್ಲಿ ತನ್ನ ಹೆಸರು ಬರೆದಳು. ಮಳೆಗಾಲವೇ? ನೆನಪು ಇಂಥಲ್ಲಿ ತಾನೇ ಮಳೆ ಸುರಿಸಿಕೊಳ್ಳುತ್ತದೆ, ನಂಬಲಾರೆ. ಹೆಸರು ಬರೆದದ್ದು ಮಾತ್ರ ನಿಜ.

ಇನ್‌ಸ್ಪೆಕ್ಷನ್ ದಿನ ದಡ್ಡ ಮಕ್ಕಳನ್ನು ಮನೆಯಲ್ಲೇ ಇರಿಸುವುದು ಆ ಶಾಲೆಯ ರೂಢಿ. ಅವ್ವ ಒಪ್ಪಲಿಲ್ಲ. ಸಾಹೇಬರ ಮುಂದೆ ಹೆಸರು ಬರೆದು ತೋರಿಸಿದರೆ ಮಗಳನ್ನು ಇನ್ನು ಯಾರೂ ಶಾಲೆ ಬಿಡಿಸಲಾರರು ಎಂದು ಅವಳ ಆಸೆ. ಜಡೆ ಹೆಣೆದು, ರಿಬ್ಬನ್ ಕಟ್ಟಿ ಕಳಿಸಿದಳು.

ಸಂಜೆ ಕರೆತರಲು ಹೋದರೆ ತರಗತಿಯಲ್ಲಿ ತಂಗಿ ಇಲ್ಲ.

“ಅಯ್ಯ, ಮರತೇ ಬಿಟ್ಟೆ ನೋಡಪಾ!” ಅಕ್ಕೋರು ಮುರಿದ ಬೆಂಚುಗಳ ಕೋಣೆಯ ಚಿಲಕ ತೆಗೆದರು. ತಂಗಿ ಮೂಲೆಯಲ್ಲಿ ತುಟಿಯ ಮೇಲೆ ಬೆರಳಿಟ್ಟು ಕೂತಿದ್ದಳು. ಲಂಗ ಒದ್ದೆ. ಉಚ್ಚೆಯ ನಾತ, ನೊಣ.

“‘ಬಾಯಿ ಮ್ಯಾಲ ಬಟ್ಟ ಇಡು’ ಅಂದಿದ್ದೆ. ಮುಂಜಾನಿಂದ ತಗದೇ ಇಲ್ಲ! ಎಷ್ಟ್ ಶಾಣ್ಯಾಕಿ ಅದಾಳ!” ನಕ್ಕರು. ಲವಂಗ ಘಮ್ಮೆಂದಿತು.

“ಬಿಡು ಅನ್ರಿ, ಅಕ್ಕೋರ.”

“ಬಿಡತಾಳ ತಗೋ. ಸಾಹೇಬ್ರು ಬೈಲಹೊಂಗಲ ಬಸ್ಸಿಗೆ ನಿಂತಾರ.” ಹೊರಟೇಹೋದರು.

ಮನೆಯಲ್ಲಿ ಅವ್ವ ಆ ಬೆರಳನ್ನು ಇಳಿಸಿದಳು, ಮತ್ತೆ ಏರಿತು. ನಿದ್ದೆಯಲ್ಲಿ ತಾನೇ ಜಾರಿತು. ಆಮೇಲೆ ಅಕ್ಕೋರು ಬಾಗಿಲಿಗೆ ಬಂದು “ಪಾಟಿ ತಗಿ” ಎಂದಾಗಲೆಲ್ಲ ಅವಳ ಬೆರಳು ತುಟಿಗೆ ಹೋಗುತ್ತಿತ್ತು. ಪಾಟಿ ಮುಟ್ಟಲಿಲ್ಲ. ಶಾಲೆ ಅಲ್ಲಿಗೆ ಮುಗಿಯಿತು. “ಇಷ್ಟ್ ಕಲಿಸಿದ್ರೂ ನಿಮಗ ಉಪಕಾರ ಇಲ್ಲ” ಎಂದು ಅಕ್ಕೋರೇ ಮುನಿಸಿಕೊಂಡರು.

ಲವಂಗ ಉಗಿದೆ. ಕುರ್ಚಿಯ ಮೇಲೆ ಅಕ್ಕೋರ ಫೋಟೊ, ಅದಕ್ಕೆ ಹಾರ. ನನ್ನ ಜತೆ ಬಂದಿದ್ದ ತಂಗಿ ಅದನ್ನು ನೋಡಿದಳು. ಅವಳ ಕೂದಲು ಈಗ ಅಲ್ಲಲ್ಲಿ ಬೆಳ್ಳಗಾಗಿದೆ. ಬೆರಳು ತುಟಿಗೆ ಹೋಯಿತು.

“ನೋಡ್ರಿ, ಅಕ್ಕೋರಂದ್ರ ಎಷ್ಟ್ ಮರ್ಯಾದಿ!” ಎಂದರು ಯಾರೋ.

“ಬಿಡು” ಎಂದೆ. ನಾನು ಹೇಳಿದರೆ ಅವಳು ಬಿಡುವುದಿಲ್ಲ. ಹೇಳಬೇಕಾದವರನ್ನು ಈಗಷ್ಟೇ ಹೂಳಿ ಬಂದಿದ್ದೆವು...