ಹೊರಗ ಕಟ್ಟಿ ಮ್ಯಾಲ ಕುಂತು ಗೆದ್ದ ಮ್ಯಾಚುಗಳು

ನಾನು ಟಿವಿ ಮುಂದ ಕುಂತ್ರ ನಮ್ಮವರ ವಿಕೆಟ್ ಬೀಳ್ತಾವಂತ. ಇದನ್ನ ಕಂಡು ಹಿಡಿದಾಕಿ ನಮ್ಮವ್ವ. ನಾ ಸಣ್ಣಾವಿದ್ದಾಗ ಒಂದಿನ ಸಾಲಿಯಿಂದ ಬಂದು ಪಾಟಿಚೀಲ ಇಳಿಸೋದ್ರಾಗ ಮೂರು ವಿಕೆಟ್ ಬಿದ್ದಿದ್ವು. ಅವತ್ತಿನಿಂದ ಆಟ ಬಿಗಿ ಆತಂದ್ರ ಸಾಕು, ಏಳಪ್ಪಾ, ಹೊರಗ ಕಟ್ಟಿ ಮ್ಯಾಲ ಕುಂಡ್ರು ಅಂತ ಎಬ್ಬಿಸಿ ಕಳಿಸ್ತಾಳ. ಈಗ ನಾನು ಸಾಣಾಪುರದ ಸಾಲ್ಯಾಗ ಹೆಡ್‌ಮಾಸ್ತರ. ತಲಿ ಬೆಳ್ಳಗಾಗೇತಿ. ಎಷ್ಟೋ ಹುಡುಗ್ರನ್ನ ಕ್ಲಾಸಿನಿಂದ ಹೊರಗ ನಿಲ್ಲಿಸೀನಿ. ಸಂಜೀಕ ಗಂಗಾವತಿ ಮನಿಗೆ ಬಂದ್ರ ನಾನ ಹೊರಗ.

ಅವ್ವನ ಕ್ರಿಕೆಟ್ ಹುಚ್ಚು ಸಾದಾ ಹುಚ್ಚಲ್ಲ. ಮ್ಯಾಚಿನ ದಿನ ಮುಷ್ಟಿಯೊಳಗ ಉಪ್ಪು, ಒಣಮೆಣಸಿನಕಾಯಿ ಹಿಡಿದು ಟಿವಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕ ಹಾಕ್ತಾಳ. ಘಾಟು ಬರಲಿಲ್ಲಂದ್ರ ದೃಷ್ಟಿ ಭಾಳ ಆಗೇತಿ ಅಂತ ಲೆಕ್ಕ. ಆಗ ಮನ್ಯಾಗಿನವರೆಲ್ಲಾ ನನ್ನ ಕಡೆ ನೋಡ್ತಾರ.

ಹಿಂಗಾಗಿ ನಮ್ಮವರು ಗೆದ್ದ ಗಳಿಗಿ ನಾ ಒಮ್ಮೆನೂ ಒಳಗ ಕುಂತು ನೋಡಿದ್ದಿಲ್ಲ. ಕಿಟಕಿಯಾಗಿಂದ ಅವ್ವನ ಚಪ್ಪಾಳಿ ಕೇಳಿ, ಹಾಂ, ಗೆದ್ವಿ ಅಂತ ತಿಳ್ಕೋಬೇಕು. ಆಮ್ಯಾಲ ಹೈಲೈಟ್ಸ್ ನೋಡಬಹುದಲ್ರೀ ಅಂತೀರಿ. ಅದು ನನಗ ಬೇಕಾಗಿಲ್ಲ. ಅವ್ವನ ಮಗ್ಗಲದಾಗ ಕುಂತು ಒಂದ ಸಲ ಗೆಲ್ಲಬೇಕು, ಅಷ್ಟ. ಇದನ್ನ ಯಾರ ಮುಂದ ಹೇಳ್ಲಿ, ಈ ವಯಸ್ಸಿನ್ಯಾಗ?

ಮೊದಲು ಆಂಟೆನಾ ತಿರುವಿದ್ರ ಮ್ಯಾಚು ಬರ್ತಿತ್ತು. ಆಮ್ಯಾಲ ಡಿಶ್ ಬಂತು, ಆಟದ ಚಾನೆಲ್ ಬ್ಯಾರೆ ಪ್ಯಾಕಿಗೆ ಹೋತು. ಈ ಸಲ ಆ ಪ್ಯಾಕಿನಿಂದನೂ ಮಾಯ ಆತು. ನನಗ ತಲಿ ಕೆಟ್ಟು ಡಿಶ್ಶಿಗೆ ಕೈ ಮುಗಿದು, ಮೊಬೈಲಿನ ಆ್ಯಪಿಗೆ ಚಂದಾ ಕಟ್ಟಿ ಟಿವಿಗೆ ಜೋಡಿಸಿದೆ. ಚಿತ್ರ ಛಲೋನ ಬಂತು, ಆದ್ರ ತಡಾ ಆಗಿ. ಬಾಜೂ ಮನಿಯವರು ದೊಡ್ಡ ಪ್ಯಾಕ್ ಹಾಕಿಸಿ ಡಿಶ್ ಇಟ್ಕೊಂಡಿದ್ರು. ಅವರು ಔಟ್ ಅಂತ ಚೀರಿದಾಗ ನಮ್ಮ ಟಿವಿಯೊಳಗ ಬೌಲರ್ ಇನ್ನೂ ಪ್ಯಾಂಟಿಗೆ ಬಾಲು ತಿಕ್ತಿರ್ತಿದ್ದ. ಅವ್ವಗ ಸಂಶಯ ಬಂತು. ಆ ಮಂದಿ ಹನುಮನಹಳ್ಳಿ ಕಡೆ ಯಾರ ಹಂತ್ಯಾಕೋ ಹೋಗಿ ಶಾಸ್ತ್ರ ಕೇಳ್ಯಾರ, ಇಲ್ಲಂದ್ರ ಮುಂಚೇನ ಹೆಂಗ ತಿಳೀತೈತಿ ಅಂತ ವಾದ. ನಾ ಇಂಟರ್ನೆಟ್ಟಿನ ಪಾಠ ಮಾಡಿದೆ. ಕಿವಿಗೇ ಹಾಕ್ಕೊಳ್ಳಲಿಲ್ಲ.

ಹ್ವಾದ ಐತವಾರ ಮಧ್ಯಾಹ್ನ ದೊಡ್ಡ ಮ್ಯಾಚಿತ್ತು. ಕೊನೀ ಓವರು. ಅವತ್ತು ನೆಟ್ ನಿಧಾನ ಇದ್ದು ನಮ್ಮ ಚಿತ್ರ ಇನ್ನೂ ತಡಾ ಬರ್ತಿತ್ತು. ನಾನು ಪದ್ಧತಿ ಪ್ರಕಾರ ಕಟ್ಟಿ ಮ್ಯಾಲ. ಕಿಟಕಿಯಾಗ ಇಣುಕಿದ್ರ ಎರಡು ಬಾಲಿಗೆ ನಾಲ್ಕು ರನ್ ಬೇಕಿತ್ತು. ಅಷ್ಟರಾಗ ಬಾಜೂ ಮನಿ ಅಂಗಳದಾಗ ಪಟಾಕಿ ಹಾರಿದ್ವು. ನನಗ ಥಟ್ ಅಂತ ಹೊಳೀತು. ಓಡಿ ಒಳಗ ಹೋದೆ.

ಅವ್ವ ಎರಡೂ ಕೈ ಅಡ್ಡ ಚಾಚಿದ್ಳು. ನಾ ಅಕಿ ಮುಂದ ಮೊಣಕಾಲೂರಿ ಕುಂತು ಹೇಳಿದೆ: “ಅವ್ವಾ, ಬಾಜೂ ಮನ್ಯಾಗ ನಾವು ಆಗಲೇ ಗೆದ್ದೇವಿ. ಮುಗಿದ ಮ್ಯಾಚಿಗೆ ನನ್ನ ಕಣ್ಣು ಏನು ಮಾಡತೈತಿ?”

ಪಟಾಕಿ ಸಪ್ಪಳ ಕೇಳ್ಕೋತ ಅವ್ವ ವಿಚಾರ ಮಾಡಿದ್ಳು. ಆಮ್ಯಾಲ ಸರಿದು ಜಾಗ ಕೊಟ್ಳು.

“ಕುಂಡ್ರು. ಆದ್ರ ಒಂದ ಕಣ್ಣಿಲೆ ನೋಡು.”

ಹೆಡ್‌ಮಾಸ್ತರು ಒಂದು ಕಣ್ಣು ಮುಚ್ಚಿಕೊಂಡು ಕುಂತ್ರು. ಮೊದಲ ಬಾಲು ಬ್ಯಾಟಿಗೆ ತಾಗಲೇ ಇಲ್ಲ. ಅವ್ವ ನನ್ನ ಕಡೆ ದುರುಗುಟ್ಟಿ ನೋಡಿದ್ಳು. ನನಗೂ ಅನಿಸ್ತು, ಗೆದ್ದ ಮ್ಯಾಚು ಕೆಡಿಸಿದೆನೇನೋ ಅಂತ. ಅಕಿ ನನ್ನ ಮುಂಗೈ ಗಟ್ಟಿ ಹಿಡಕೊಂಡ್ಳು. ಕೊನೀ ಬಾಲು ಬಂತು. ಅವ್ವ ಕುಂತಲ್ಲೇ ಪುಟಿದು, ಬೊಚ್ಚಬಾಯಿ ತೆರೆದು, ಸಣ್ಣ ಹುಡುಗಿ ಹಂಗ ನಕ್ಕಳು.

“ಕಂಡ್ತೇನೋ?” ಅಂದ್ಳು.

ಕಂಡ್ತವ್ವಾ ಅಂದೆ. ಬಾಲು ಯಾವ ಕಡೆ ಹೋತೋ ನನಗ ಇವತ್ತಿಗೂ ಗೊತ್ತಿಲ್ಲ. ತೆರೆದಿದ್ದ ಒಂದು ಕಣ್ಣು ಅವ್ವನ ಮಾರಿ ಮ್ಯಾಲ ಇತ್ತು.