ಮೂರು ಬೇವಿನ ಮರಗಳ ಸುತ್ತ ಮನೆಗಳು

ಸಿಂಧನೂರಿನ ಎಂಜಿನಿಯರ್ ಅನಿಲಕುಮಾರರ ಆಫೀಸಿನಲ್ಲಿ ಶಿವಲಿಂಗಮ್ಮ ಇಪ್ಪತ್ತೆರಡು ವರ್ಷಗಳಿಂದ ನಕ್ಷೆ ಬರೆಯುತ್ತಿದ್ದಳು. ಲಿಂಗಸುಗೂರಿನಲ್ಲಿ ಐಟಿಐ ಮುಗಿಸಿ ಬಂದವಳು. ಮದುವೆಯಾಗಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಊರಿನ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಲ್ಲಿದೆಯೆಂದು ಅವಳಿಗೆ ಗೊತ್ತು. ಹೋಗಿ ಕೂರುವಂಥ ಮನೆ ಮಾತ್ರ ಒಂದೂ ಇರಲಿಲ್ಲ.

ಜವಳಗೇರಾ ರಸ್ತೆಯ ಎಂಟು ಎಕರೆ ಭತ್ತದ ಹೊಲದಲ್ಲಿ ಅಂಗಡಿ, ಮನೆ, ಪಾರ್ಕು ಇರುವ ಬಡಾವಣೆ ಮಾಡಿಸಬೇಕೆಂದು ವೀರೇಶ ಎಂಬ ಜಮೀನುದಾರ ಆಫೀಸಿಗೆ ಬಂದ. ಹೊಲದ ನಡುವಿನ ಮೂರು ಬೇವಿನ ಮರ ಕಡಿದು, ಪಾರ್ಕಿನ ಜಾಗವನ್ನು ಕರೆಂಟಿನ ತಂತಿ ಹಾಯುವ ಮೂಲೆಗೆ ತಳ್ಳಿರೆಂದ.

ಶಿವಲಿಂಗಮ್ಮ ಜಾಗ ನೋಡಲು ಹೋದಳು. ಪಕ್ಕದ ಹೊಲದಲ್ಲಿ ನಾಟಿ ಹಚ್ಚುವ ಹೆಂಗಸರು ಬೇವಿನ ಕೆಳಗೆ ಬುತ್ತಿ ಬಿಚ್ಚಿದ್ದರು. ಅವರ ಗುಂಪಿನ ಹಿರಿಯಳು ಗುಲ್ಷನ್‌ಬೀ ಅರ್ಧ ರೊಟ್ಟಿ ಮುರಿದು ಕೈಗಿಟ್ಟಳು.

"ಕುಂದರ್ರಿ ಅಕ್ಕಾರ. ಬ್ಯಾಸಗ್ಯಾಗೂ ಇಲ್ಲಿ ತಂಪು ಗಾಳಿ ಬರ್ತೈತಿ. ಆ ಕರೆಂಟಿನ ತಂತಿ ಮೂಲ್ಯಾಗ ಮಳಿ ಬಂದ್ರ ಮೊಣಕಾಲಮಟ ನೀರು ನಿಂದರ್ತಾವ."

ಇನ್ನೊಬ್ಬರ ಜೊತೆ ಕುಳಿತು ಉಂಡು ಅವಳಿಗೆ ಬಹಳ ದಿನವಾಗಿತ್ತು. ಅಳತೆ ಮುಗಿದರೂ ಇನ್ನೂ ಮೂರು ಮಧ್ಯಾಹ್ನ ಅಲ್ಲಿಗೇ ಹೋದಳು.

ಆಮೇಲೆ ನಕ್ಷೆ ಬರೆದಳು. ನಡುವೆ ಮರಗಳು, ಅವುಗಳ ಸುತ್ತ ಉದ್ದನೆಯ ಕಟ್ಟೆ, ಕುಡಿಯುವ ನೀರಿನ ನಳ. ರಸ್ತೆಗೆ ಅಂಗಡಿಗಳು, ಅವುಗಳ ಮೇಲೆ ಮತ್ತು ಹಿಂಬದಿಗೆ ಮನೆಗಳು. ಯಾವ ಬಾಗಿಲಿನಿಂದ ಹೊರಟರೂ ಕಟ್ಟೆಗೆ ದಾರಿ.

"ಗಿಡದ ಸುತ್ತ ಕಟ್ಟಿ ಕಟ್ಟಿಸಿದ್ರ ಕಂಡೋರೆಲ್ಲ ಬಂದು ಕುಂದರ್ತಾರ," ವೀರೇಶ ಮುಖ ಕಿವುಚಿದ.

"ಮಂದಿ ಬಂದ್ರನ ಅಲ್ರೀ ಅಂಗಡಿ ನಡಿಯೋದು? ಆ ಮೂಲಿಗೆ ನೀರು ನಿಂತ್ರ ಪಾರ್ಕಿಗೆ ಯಾರ್ ಬರ್ತಾರ?" ಶಿವಲಿಂಗಮ್ಮ ಕೇಳಿದಳು.

ವೀರೇಶ ಎರಡು ದಿನ ಯೋಚಿಸಿ ಒಪ್ಪಿಕೊಂಡ.

ಮೂರು ವರ್ಷದಲ್ಲಿ ಮನೆಗಳು ಎದ್ದು ಹೆಚ್ಚೂಕಡಿಮೆ ತುಂಬಿದವು. ಒಂದು ಭಾನುವಾರ ಸಂಜೆ ಬಾಡಿಗೆಗೆ ಮನೆ ಕೇಳಲು ಶಿವಲಿಂಗಮ್ಮ ಅಲ್ಲಿಗೆ ಹೋದಳು. ಮರಗಳಿಗೆ ಮುಖಮಾಡಿದ ಮಹಡಿಮನೆ ಖಾಲಿಯಿತ್ತು. ಮಾಲೀಕರ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು.

"ಮನ್ಯಾಗ ಎಷ್ಟು ಮಂದಿ ಅದೀರಿ?"

"ನಾ ಒಬ್ಬಾಕಿನ ರೀ."

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಫ್ಯಾಮಿಲಿ ಇದ್ದೋರಿಗಷ್ಟ ಕೊಡ್ತೀವಿ."

ಈ ಮನೆಯ ನಕ್ಷೆ ಬರೆದವಳು ನಾನೇ ಎನ್ನುವ ಮಾತು ಬಾಯಿತನಕ ಬಂತು. ಮೆಟ್ಟಿಲಿಳಿದು ಕಟ್ಟೆಯ ಮೇಲೆ ಕುಳಿತಳು. ಮಕ್ಕಳು ಓಡಾಡುತ್ತಿದ್ದರು. ಮಿರ್ಚಿ ಭಜಿ ಬಂಡಿಯ ಮುಂದೆ ಜನ ಸೇರಿದ್ದರು. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದಳು.

"ಯಾರ ಮನಿಗೆ ಬಂದೀರಿ?"

"ಯಾರ ಮನಿಗೂ ಇಲ್ಲವ್ವ. ಸುಮ್ಮ ಬಂದೀನಿ."

ಆಕೆ ತಲೆಯಾಡಿಸಿ ತನ್ನ ಗೆಳತಿಯರ ಮಾತಿಗೆ ಮರಳಿದಳು. ದೀಪ ಹತ್ತುವವರೆಗೆ ಕುಳಿತು ಶಿವಲಿಂಗಮ್ಮ ಆಟೋ ಹಿಡಿದಳು.

ಮುಂದಿನ ತಿಂಗಳು ಮಸ್ಕಿಯಲ್ಲಿ ಇಂಥದ್ದೇ ಕೆಲಸ ಬಂತು. ಅಂಗಡಿಗಳ ಮೇಲೆ ಅವಳು ಎಂಟು ಸಣ್ಣ ಮನೆಗಳನ್ನು ಬರೆದಳು. ಒಂದು ಕೋಣೆ, ಒಂದು ಒಲೆಯ ಜಾಗ. ಎಲ್ಲಕ್ಕೂ ಸೇರಿ ಒಂದೇ ವರಾಂಡ.

"ಇಷ್ಟು ಸಣ್ಣ ಮನಿ ಯಾರು ತೊಗೋತಾರ್ರಿ ಶಿವಲಿಂಗಮ್ಮ?" ಅನಿಲಕುಮಾರರು ಕೇಳಿದರು.

"ಒಬ್ಬೊಬ್ಬರ ಇರೋರು ಮಸ್ಕ್ಯಾಗೂ ಇರ್ತಾರ್ರೀ ಸರ್."

ಅವರು ಅವಳ ಮುಖ ನೋಡಿ, "ಇರ್ಲಿ ಬಿಡ್ರಿ" ಎಂದರು.

ಶಿವಲಿಂಗಮ್ಮ ವರಾಂಡವನ್ನು ಇನ್ನೆರಡು ಅಡಿ ಅಗಲ ಮಾಡಿದಳು, ಎದುರುಬದುರು ಎರಡು ಕುರ್ಚಿ ಹಾಕಲು ಬರುವಷ್ಟು.