ಗುರುವಾರ ಮಳೆಯಿಲ್ಲದ ಹೆಗ್ಗದ್ದೆ

ಹೆಗ್ಗದ್ದೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಮೃತ್ಯುಂಜಯಣ್ಣನಷ್ಟು ಹಟದ ಮನುಷ್ಯನನ್ನು ನಾನು ಕಂಡಿಲ್ಲ. ನಮ್ಮ ಸ್ಟೀರಿಂಗ್ ಕಮಿಟಿಯಷ್ಟು ತಲೆ ತಿನ್ನುವ ಕೂಟವನ್ನೂ ಕಂಡಿಲ್ಲ. ಈ ಎರಡರ ನಡುವೆ ಸಿಕ್ಕಿ ಒದ್ದಾಡಿದವನು ನಾನು, ಆಲೂರಿನ ರವಿಚಂದ್ರ, ಕಮಿಟಿಯ ನಡಾವಳಿ ಬರೆಯುವ ಗುಮಾಸ್ತ.

1998ರಲ್ಲಿ ಘಟ್ಟದ ಮಣ್ಣು, ನೀರು, ಬಂಡೆಗಳನ್ನು ಹತ್ತು ವರ್ಷ ಅಧ್ಯಯನ ಮಾಡುವ ದೊಡ್ಡ ಯೋಜನೆಯೊಂದು ಶುರುವಾಯಿತು. ಅಳೆಯುವವರು, ಅಗೆಯುವವರು ನೂರಾರು ಜನ. ಅವರು ಮೊದಲು ಏನು ಮಾಡಬೇಕು, ಯಾವ ಗುಡ್ಡದಲ್ಲಿ ಯಂತ್ರ ಕೂರಿಸಬೇಕು, ಯಾರ ದಾಖಲೆಯನ್ನು ನಂಬಬೇಕು ಎಂದು ತೀರ್ಮಾನಿಸಲು ಹನ್ನೊಂದು ಜನರ ಕಮಿಟಿ. ವರ್ಷಕ್ಕೆರಡು ಸಲ ಬೆಂಗಳೂರಿನಲ್ಲಿ ಸಭೆ. ಹನ್ನೊಂದರಲ್ಲಿ ಒಬ್ಬರಾದರೂ ಜುಲೈ ತಿಂಗಳಲ್ಲಿ ನಮ್ಮ ಗುಡ್ಡ ಹತ್ತಿದ್ದರೆ ಕೇಳಿ.

ಹೆಗ್ಗದ್ದೆಯ ಕೂಲಿ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಮೇಲಿನ ಗುಡ್ಡ ಬಿರುಕು ಬಿಟ್ಟಿತ್ತು. ಲೈನಿನಲ್ಲಿ ಒಂಬತ್ತು ಸಂಸಾರ. ಮೃತ್ಯುಂಜಯಣ್ಣ ಬಿರುಕಿನ ಎರಡೂ ಬದಿಗೆ ಗೂಟ ಬಡಿದು, ಟೇಪು ಹಿಡಿದು ಅಳೆಯುತ್ತಿದ್ದ. ಎಸ್ಟೇಟಿನ ಧಣಿಗಳದು ಒಂದೇ ಮಾತು: "ಸರ್ಕಾರದೋರ ಯಂತ್ರ ಹೇಳ್ಲಿ, ಲೈನ್ ಬೇರೆ ಕಡೆ ಕಟ್ಟಿಸ್ತೀನಿ." ನೆಲ ಜರುಗುವುದನ್ನು ಹಿಡಿಯುವ ಯಂತ್ರ ನಮ್ಮ ಸೀಮೆಗೆ ಒಂದು ಬರುತ್ತದೆ ಎಂದು ನಾನು ಬಾಯಿಬಿಟ್ಟದ್ದೇ ತಪ್ಪು. ಅದು ಹೆಗ್ಗದ್ದೆಗೇ ಬರಬೇಕೆಂದು ಅಣ್ಣ ಪಟ್ಟು ಹಿಡಿದ. ಕಮಿಟಿಗೆ ದೋಣಿಗಲ್ ಇಷ್ಟ, ಅಲ್ಲಿ ಹೈವೇ ಪಕ್ಕಕ್ಕೇ ಜೀಪು ನಿಲ್ಲುತ್ತದೆ. ಆದರೂ ಇಪ್ಪತ್ತು ವರ್ಷದ ಮಳೆ ದಾಖಲೆ ಇದ್ದ ಜಾಗಕ್ಕೆ ಮೊದಲ ಆದ್ಯತೆ ಎಂದು ಅವರೇ ನಿಯಮ ಮಾಡಿದ್ದರು. ಎಸ್ಟೇಟಿನ ಮಳೆ ಗೇಜು ಅಳೆದು ಬರೆಯುತ್ತಿದ್ದ ಅಣ್ಣನ ಬಳಿ ಇಪ್ಪತ್ತನಾಲ್ಕು ವರ್ಷದ್ದಿತ್ತು.

ಗೊಬ್ಬರದ ಚೀಲದಲ್ಲಿ ನೋಟ್‌ಬುಕ್ ತುಂಬಿಕೊಂಡು ಬಸ್ಸಿನಲ್ಲಿ ಸಭೆಗೆ ಬಂದ. ಸದಸ್ಯರೊಬ್ಬರು ಹಾಳೆ ತಿರುವುತ್ತಾ ಹೋಗಿ ಕನ್ನಡಕ ತೆಗೆದರು.

"ನಿಮ್ಮೂರಲ್ಲಿ ಗುರುವಾರ ಮಳೆಯೇ ಬರೋದಿಲ್ವೇನ್ರೀ?"

ಸಭೆಯೆಲ್ಲ ನಕ್ಕಿತು. ಗುರುವಾರ ಸಂತೆ. ಎಸ್ಟೇಟಿಗೆ ರಜೆ. ರೈಟರ್ ಕೂಡ ಚೀಲ ಹಿಡಿದು ಸಂತೆಗೆ ಹೋಗುತ್ತಾನೆ. ಎರಡು ದಿನದ ನೀರನ್ನು ಶುಕ್ರವಾರ ಬೆಳಿಗ್ಗೆ ಒಟ್ಟಿಗೆ ಅಳೆದು ಶುಕ್ರವಾರದ ಸಾಲಿನಲ್ಲೇ ಬರೆಯುತ್ತಾನೆ. ಇಪ್ಪತ್ತನಾಲ್ಕು ವರ್ಷ ಅದು ತಪ್ಪೆಂದು ಯಾರಿಗೂ ಹೊಳೆದಿರಲಿಲ್ಲ. ಇನ್ನು ಒಂದು ಪೂರ್ತಿ ವರ್ಷ ಒಂದು ದಿನವೂ ಬಿಡದೆ ಬರೆದು ತಂದರೆ ನೋಡೋಣ ಎಂದರು ಅಧ್ಯಕ್ಷರು.

ಹೊರಗೆ ಬಂದು ನಾನು ಪಿಸುಗುಟ್ಟಿದೆ: "ಅಣ್ಣ, ವರ್ಷ ಯಾಕೆ ಕಾಯ್ತೀಯ? ಶುಕ್ರವಾರದ್ದನ್ನ ಅರ್ಧ ಅರ್ಧ ಮಾಡಿ ಬೇರೆ ನೋಟ್‌ಬುಕ್ಕಿಗೆ ಇಳಿಸ್ಬುಡು. ಯಾರಿಗ್ ಗೊತ್ತಾಯ್ತದೆ?"

"ನೋಡ್ದೆ ಇರೋ ಮಳೇನ ಹೆಂಗ್ ಬರೀಲಿ ಮಾರಾಯ?" ಎಂದ.

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

1999ರ ಆಗಸ್ಟಿನಿಂದ ಅವನು ಸಂತೆ ಬಿಟ್ಟ. ಸ್ವಂತ ತಂಗಿಯ ಮಗಳ ಮದುವೆಗೂ ಆಲೂರಿಗೆ ಬರಲಿಲ್ಲ. ಪ್ರತಿ ಗುರುವಾರ ಹೆಂಡತಿ ಗುರುಶಾಂತಮ್ಮ ಚೀಲ ಹೊತ್ತು ಹೋಗುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುವಳು: "ನಮ್ಮನೇರು ಮಳೆ ಕಾಯ್ತಾ ಕೂತವ್ರೆ ಕಣ್ರೀ. ಯಾರೋ ಕದ್ಕೊಂಡ್ ಹೋಗ್ತಾರಂತೆ." ಆ ವರ್ಷ ಕಮಿಟಿ ಏನು ಮಾಡಿತು? ಒಂದು ಸಭೆಯನ್ನು ಕೋರಂ ಇಲ್ಲದೆ ಮುಂದೂಡಿತು. ಇನ್ನೊಂದರಲ್ಲಿ ವರದಿಯ ರಕ್ಷಾಪುಟ ಯಾವ ಬಣ್ಣದ್ದಿರಬೇಕೆಂದು ಅರ್ಧ ದಿನ ಚರ್ಚಿಸಿತು. ಬರೆದವನು ನಾನೇ, ಸುಳ್ಳಲ್ಲ.

ವರ್ಷ ತುಂಬಲು ಹನ್ನೊಂದು ದಿನ ಬಾಕಿ ಇತ್ತು. ಜುಲೈ, ಗುರುವಾರ, ಬೆಳಿಗ್ಗೆ ಏಳು ಗಂಟೆ. ಜಡಿಮಳೆ. ಅಣ್ಣ ಅಳತೆಯ ಗಾಜು ಹಿಡಿದು ಮಳೆ ಗೇಜಿನ ಹತ್ತಿರ ಬಂದವನು ತಲೆ ಎತ್ತಿ ಗೂಟಗಳ ಕಡೆ ನೋಡಿದ. ಹಿಂದಿನ ದಿನ ಒಂದು ಗೇಣಿದ್ದ ಸಂದು ಒಂದು ಮಾರಾಗಿತ್ತು. ಮೊದಲಿನಂತೆ ಸಂತೆಗೆ ಹೊರಟಿದ್ದರೆ ಅತ್ತ ನೋಡುವವರೇ ಇರಲಿಲ್ಲ. ಗಾಜನ್ನು ಅಲ್ಲೇ ಎಸೆದು, ಕಾಫಿ ಮೂಟೆ ಇಡುವ ಸ್ಟೋರಿನ ಗಂಟೆ ಬಾರಿಸಿ, ಮನೆಮನೆಗೆ ನುಗ್ಗಿ ಜನರನ್ನು ಎಬ್ಬಿಸಿದ. ನಡೆಯಲಾಗದ ಭೂತಮ್ಮಜ್ಜಿಯನ್ನು ಬೆನ್ನ ಮೇಲೆ ಹೊತ್ತು ಇಳಿಸಿದ. ಹತ್ತು ಗಂಟೆಗೆ ಗುಡ್ಡ ಕುಸಿದು ಲೈನನ್ನೂ ಗೇಜನ್ನೂ ಮಣ್ಣಲ್ಲಿ ಮುಚ್ಚಿತು. ಒಂಬತ್ತು ಸಂಸಾರವೂ ಸ್ಟೋರಿನಲ್ಲಿ ಬದುಕಿ ಕೂತಿತ್ತು. ಸಂಜೆಯೇ ಅಣ್ಣ ಸ್ಟೋರಿನ ಅಂಗಳದಲ್ಲಿ ಬೇರೆ ಗೇಜು ಇಟ್ಟು, ಮಾರನೆಯ ಬೆಳಿಗ್ಗೆಯಿಂದ ಮತ್ತೆ ಅಳೆಯತೊಡಗಿದ. ಧಣಿಗಳು ಆ ವಾರವೇ ಬೇರೆ ಕಡೆ ಲೈನಿಗೆ ಪಾಯ ತೆಗೆಸಿದರು.

ಸೆಪ್ಟೆಂಬರ್ ಸಭೆಯಲ್ಲಿ ನೋಟ್‌ಬುಕ್ ಮೇಜಿಗೆ ಬಂತು. ಮುನ್ನೂರ ಅರವತ್ತಾರು ದಿನದಲ್ಲಿ ಒಂದು ದಿನಕ್ಕೆ ಅಂಕಿ ಇಲ್ಲ. ಆ ಜಾಗದಲ್ಲಿ ಅಣ್ಣನ ದುಂಡು ಅಕ್ಷರ: "ಅಳೆಯಲಿಲ್ಲ. ಜನರನ್ನು ಇಳಿಸುತ್ತಿದ್ದೆ."

ಅದೇ ಸದಸ್ಯರು ಮತ್ತೆ ಕನ್ನಡಕ ತೆಗೆದರು. "ಗೇಜ್ ಹತ್ರಾನೇ ಇದ್ರಲ್ಲ. ಎರಡು ನಿಮಿಷ ಅಳೆದು ಆಮೇಲೆ ಓಡಬಹುದಿತ್ತು."

ಅಧ್ಯಕ್ಷರು ಅದಕ್ಕೇ ಸೈ ಎಂದರು. ನಾನು ಪೆನ್ನು ಎತ್ತಿಕೊಂಡೆ, ಆ ನಾಚಿಕೆ ಇವತ್ತಿಗೂ ಇದೆ. "ದಾಖಲೆ ಅಪೂರ್ಣ. ಯಂತ್ರ ದೋಣಿಗಲ್‌ಗೆ" ಎಂದು ಬರೆದುಕೊಂಡೆ.

ಮುಂದಿನ ಗುರುವಾರ ಹೆಗ್ಗದ್ದೆಗೆ ಹೋಗಿ ವಿಷಯ ತಿಳಿಸಿದೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ಅಂದದ್ದು ಇಷ್ಟೇ:

"ಹಂಗಾದ್ರೆ ಇನ್ಮೇಲೆ ಗುರುವಾರ ಅಳೀದಿದ್ರೂ ನಡೀತದೆ ಅನ್ನು."

"ನಡೀತದೆ ಅಣ್ಣ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. "ಶಾಂತಾ, ಆ ಚೀಲ ಇತ್ಲಾಗ್ ಕೊಡು. ಸಂತೆಗೆ ನಾನೇ ಹೋಗ್ಬತ್ತೀನಿ."